ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ, ಹಣ ಹಾಕುವ ಮುನ್ನ ಒಂದು ಫೋನ್ ಮಾಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. ಕೊಲ್ಹಾಪುರದ ಒಂದು ಸಣ್ಣ ಫೌಂಡ್ರಿಯಿಂದ ಕಾಸ್ಟಿಂಗ್ (ಎರಕ ಹೊಯ್ದ ಲೋಹದ ಭಾಗ) ತರಿಸಿ, ಟರ್ನಿಂಗ್ ಮತ್ತು ಡ್ರಿಲ್ಲಿಂಗ್ ಮಾಡಿ ಪಂಪ್ ತಯಾರಕರಿಗೆ ಕೊಡುತ್ತೇವೆ. 2024ರ ಮಾರ್ಚ್ ಕೊನೆಯ ವಾರದಲ್ಲಿ ಆ ಫೌಂಡ್ರಿಗೆ ಸಲ್ಲಬೇಕಾಗಿದ್ದ 4,86,000 ರೂಪಾಯಿಯನ್ನು ನಾವೇ ಕೈಯಾರೆ ವಂಚಕರ ಖಾತೆಗೆ ಕಳಿಸಿದೆವು. ನಮ್ಮಂಥ ಇನ್ನೊಬ್ಬರಿಗೆ ಹೀಗಾಗಬಾರದೆಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಆ ಮಾರ್ಚ್ ತಿಂಗಳ ಗಡಿಬಿಡಿ ಉದ್ದಿಮೆದಾರರಿಗೆಲ್ಲ ನೆನಪಿರಬಹುದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡ ಮಾಲಿಗೆ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯಲು ಬರುವುದಿಲ್ಲ ಎಂಬ ಆದಾಯ ತೆರಿಗೆಯ ಹೊಸ ನಿಯಮ ಮೊದಲ ಬಾರಿಗೆ ಜಾರಿಗೆ ಬಂದ ವರ್ಷ ಅದು. 31ರೊಳಗೆ ಬಾಕಿ ತೀರಿಸಿಬಿಡಿ ಎಂದು ನಮ್ಮ ಸಿಎ ಎರಡು ಸಲ ಹೇಳಿದ್ದರು. ಇಮೇಲ್ ಬಂದದ್ದು 27ರ ಮಧ್ಯಾಹ್ನ. ನಮ್ಮ ಹಳೆಯ ಪತ್ರವ್ಯವಹಾರಕ್ಕೇ ಉತ್ತರವೆಂಬಂತೆ ಬಂದಿದ್ದ ಅದರಲ್ಲಿ ನಮ್ಮ ಪರ್ಚೇಸ್ ಆರ್ಡರ್ ಸಂಖ್ಯೆ, ಕಾಸ್ಟಿಂಗ್‌ಗಳ ತೂಕ, ಬಾಕಿ ಮೊತ್ತ ಎಲ್ಲವೂ ಪೈಸೆಯವರೆಗೆ ಸರಿಯಾಗಿದ್ದವು. "ನಮ್ಮ ಹಳೆಯ ಖಾತೆ ಆಡಿಟ್‌ನಲ್ಲಿದೆ, 45 ದಿನದ ನಿಯಮಕ್ಕೆ ತೊಂದರೆಯಾಗದಂತೆ ಈ ಹೊಸ ಕರೆಂಟ್ ಅಕೌಂಟಿಗೆ ಹಣ ಹಾಕಿ" ಎಂದು ಫೌಂಡ್ರಿಯ ಹೆಸರಿನಲ್ಲಿ ಬರೆದು, ಲೆಟರ್‌ಹೆಡ್ಡಿನ ಪತ್ರವನ್ನೂ ಕ್ಯಾನ್ಸಲ್ ಮಾಡಿದ ಚೆಕ್ಕಿನ ಚಿತ್ರವನ್ನೂ ಲಗತ್ತಿಸಿದ್ದರು.

ನಮ್ಮ ಲೆಕ್ಕ ನೋಡುವ ಹುಡುಗಿ, "ಸರ್, ಒಮ್ಮೆ ಅವರಿಗೆ ಫೋನ್ ಮಾಡಿ ಕೇಳ್ಲೇನ್ರಿ?" ಎಂದಳು. "ಬ್ಯಾಡವ್ವಾ, ಎಲ್ಲಾ ಬರೋಬ್ಬರಿ ಐತಿ, ನಾಳಿಗೆ ಹಾಕಿಬಿಡು" ಎಂದವನು ನಾನು. ತಪ್ಪು ಅವಳದಲ್ಲ, ನನ್ನದು. ಮಾಲಿನ ತೂಕದಲ್ಲಿ ಎರಡು ಕಿಲೋ ವ್ಯತ್ಯಾಸವಾದರೆ ಕೊಲ್ಹಾಪುರಕ್ಕೆ ಫೋನ್ ಮಾಡುವ ನಾನು, ಖಾತೆಯ ಸಂಖ್ಯೆಯೇ ಬದಲಾದಾಗ ಮಾಡಲಿಲ್ಲ.

28ರ ಗುರುವಾರ ಆರ್‌ಟಿಜಿಎಸ್ ಮಾಡಿದೆವು. ಫಲಾನುಭವಿಯ ಹೆಸರಿನ ಜಾಗದಲ್ಲಿ ಫೌಂಡ್ರಿಯ ಹೆಸರನ್ನೇ ಬರೆದಿದ್ದರೂ, ಆ ಖಾತೆ ಇದ್ದದ್ದು ಬೇರೊಂದು ರಾಜ್ಯದ ಯಾರೋ ವ್ಯಕ್ತಿಯ ಹೆಸರಿನಲ್ಲಿ. ನಾವು ಬರೆಯುವ ಹೆಸರಿಗೂ ಖಾತೆಯ ಹೆಸರಿಗೂ ತಾಳೆ ನೋಡದೆ, ಕೇವಲ ಖಾತೆ ಸಂಖ್ಯೆಯ ಮೇಲೆಯೇ ಹಣ ಜಮೆಯಾಗುತ್ತದೆ ಎಂಬುದು ಇಪ್ಪತ್ತು ವರ್ಷ ವ್ಯವಹಾರ ಮಾಡಿದ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮರುದಿನ ಗುಡ್ ಫ್ರೈಡೇ, 31 ಭಾನುವಾರ, ಏಪ್ರಿಲ್ 1 ಬ್ಯಾಂಕುಗಳು ವಾರ್ಷಿಕ ಲೆಕ್ಕ ಮುಗಿಸುವ ದಿನ. ಏಪ್ರಿಲ್ 2ರ ಬೆಳಿಗ್ಗೆ ಫೌಂಡ್ರಿಯ ಮಾಲೀಕರು ತಾವಾಗಿಯೇ ಫೋನ್ ಮಾಡಿ, ಹಣ ಇನ್ನೂ ಬಂದಿಲ್ಲವಲ್ಲ ಎಂದು ಸಂಕೋಚದಿಂದಲೇ ಕೇಳಿದರು. ತಾವು ಯಾವ ಖಾತೆಯನ್ನೂ ಬದಲಿಸಿಲ್ಲ ಎಂದು ಅವರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು.

ಆಗಲೂ ನಾವು ಅರ್ಧ ದಿನ ಹಾಳು ಮಾಡಿದೆವು. ತಪ್ಪು ಅವರ ಕಡೆಯದೋ ನಮ್ಮ ಕಡೆಯದೋ ಎಂಬ ಮಾತುಕತೆಯಲ್ಲಿ, ಊರಿಗೆಲ್ಲ ತಿಳಿದರೆ ಏನೆಂದುಕೊಂಡಾರು ಎಂಬ ಮುಜುಗರದಲ್ಲಿ ಮಧ್ಯಾಹ್ನವಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಆಮೇಲೆ. ಆ ಕರೆ ದಾಖಲಾದ ಕೂಡಲೇ ಸಂಬಂಧಪಟ್ಟ ಬ್ಯಾಂಕುಗಳಿಗೆ ಸೂಚನೆ ಹೋಗಿ, ಖಾತೆಯಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ. ಆದರೆ ನಮ್ಮ ಹಣ ಗುರುವಾರ ಸಂಜೆಯೇ ಹಲವು ಖಾತೆಗಳಿಗೆ ಹಂಚಿಹೋಗಿ, ಬಹುಪಾಲು ಎಟಿಎಂಗಳಿಂದ ತೆಗೆಯಲ್ಪಟ್ಟಿತ್ತು. ಸಿಕ್ಕಿದ್ದು 61,000 ರೂಪಾಯಿ, ಅದೂ ನ್ಯಾಯಾಲಯದ ಆದೇಶ ಪಡೆದ ಮೇಲೆ. ನಿಮಗೆ ಇಂಥದ್ದು ಆದರೆ ಯಾರನ್ನೂ ದೂರುತ್ತ ಕೂರದೆ, ವರ್ಗಾವಣೆಯನ್ನು ಗುರುತಿಸುವ ಯುಟಿಆರ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಅದೇ ನಿಮಿಷ 1930ಕ್ಕೆ ಕರೆ ಮಾಡಿ, ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮೂರು ದಿನದೊಳಗೆ ತಿಳಿಸಿದರೆ ಬ್ಯಾಂಕೇ ನಷ್ಟ ತುಂಬಿಕೊಡುತ್ತದೆ ಎಂದು ಹಲವರು ನನಗೆ ಸಮಾಧಾನ ಹೇಳಿದರು. ರಿಸರ್ವ್ ಬ್ಯಾಂಕಿನ 2017ರ ಆ ನಿಯಮ ನಮ್ಮ ಒಪ್ಪಿಗೆಯಿಲ್ಲದೆ ನಡೆದ ವ್ಯವಹಾರಗಳಿಗೆ ಸಂಬಂಧಿಸಿದ್ದು. ನಾವೇ ಒಟಿಪಿ ಹಾಕಿ ಕಳಿಸಿದ ಹಣಕ್ಕೆ ಅದರ ಆಸರೆ ಸಿಗಲಿಲ್ಲ.

ವಂಚಕರಿಗೆ ನಮ್ಮ ಲೆಕ್ಕವೆಲ್ಲ ಹೇಗೆ ತಿಳಿಯಿತು ಎಂಬುದು ವಾರದ ನಂತರ ಗೊತ್ತಾಯಿತು. ಕಂಪ್ಯೂಟರ್ ಬಲ್ಲ ನನ್ನ ಅಣ್ಣನ ಮಗ ಬಂದು ಆ ಇಮೇಲನ್ನು ದೊಡ್ಡದು ಮಾಡಿ ತೋರಿಸಿದ. ಫೌಂಡ್ರಿಯ ವಿಳಾಸದಲ್ಲಿ ಇಂಗ್ಲಿಷಿನ 'ಎಂ' ಇರಬೇಕಾದ ಕಡೆ 'ಆರ್' ಮತ್ತು 'ಎನ್' ಎರಡನ್ನೂ ಒತ್ತೊತ್ತಾಗಿ ಬರೆದಿದ್ದರು. ಮೊಬೈಲಿನ ಪರದೆಯಲ್ಲಿ ಅದು 'ಎಂ' ಎಂದೇ ಕಾಣುತ್ತದೆ. ಬಳಿಕ ಅವನು ನಮ್ಮ ಇಮೇಲಿನ ಸೆಟ್ಟಿಂಗ್ಸ್ ತೆರೆದಾಗ, ಬಿಲ್ ಅಥವಾ ಪೇಮೆಂಟ್ ಎಂಬ ಪದವಿರುವ ಪ್ರತಿಯೊಂದು ಪತ್ರದ ಪ್ರತಿಯೂ ಗುರುತಿಲ್ಲದ ಒಂದು ವಿಳಾಸಕ್ಕೆ ತಾನಾಗಿ ಹೋಗುವಂತೆ ಫಿಲ್ಟರ್ ಹಾಕಿಟ್ಟಿರುವುದು ಕಂಡಿತು. ನಮ್ಮ ಪಾಸ್‌ವರ್ಡ್ ಎಂದರೆ ಘಟಕದ ಹೆಸರು ಮತ್ತು 123. ಅದು ಮೂವರ ಮೊಬೈಲಿನಲ್ಲಿತ್ತು, ವರ್ಷಗಟ್ಟಲೆ ಬದಲಾಗಿರಲಿಲ್ಲ, ಎರಡು ಹಂತದ ಪರಿಶೀಲನೆಯನ್ನೂ ಹಾಕಿರಲಿಲ್ಲ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಈ ಫಿಲ್ಟರ್ ಅಳಿಯುವುದಿಲ್ಲ, ಅದನ್ನು ಹುಡುಕಿಯೇ ತೆಗೆಯಬೇಕು. ದಯವಿಟ್ಟು ಇವತ್ತೇ ನಿಮ್ಮ ವ್ಯವಹಾರದ ಇಮೇಲ್ ತೆರೆದು ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎಂಬ ಎರಡು ಕಡೆ ನೋಡಿ.

ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಹಣ ಕಳಿಸುವ ಮುನ್ನ ಖಾತೆದಾರರ ನಿಜವಾದ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತು. ಅದನ್ನು ಅವಶ್ಯ ಬಳಸಿ. ಆದರೂ ಹೋಲುವ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯುವುದು ವಂಚಕರಿಗೆ ಕಷ್ಟವಲ್ಲ, ಆದ್ದರಿಂದ ಫೋನಿನ ಕೆಲಸ ಫೋನೇ ಮಾಡಬೇಕು. ಆ ಫೋನನ್ನು ಇಮೇಲಿನಲ್ಲಿ ಕೊಟ್ಟಿರುವ ಸಂಖ್ಯೆಗೆ ಮಾಡಬೇಡಿ, ನಿಮ್ಮ ಬಳಿ ಮೊದಲಿನಿಂದ ಇರುವ ಸಂಖ್ಯೆಗೆ ಮಾಡಿ.

ಫೌಂಡ್ರಿಯವರೂ ನಮ್ಮಂತೆಯೇ ಚಿಕ್ಕವರು. ಅವರ ಹಣವನ್ನು ನಾವು ಎರಡು ಕಂತುಗಳಲ್ಲಿ ಮತ್ತೆ ಕೊಟ್ಟೆವು. ಈಗ ಮಾಲು ಕೊಡುವವರೆಲ್ಲರ ಖಾತೆ ಸಂಖ್ಯೆಗಳನ್ನು ಲೆಕ್ಕದ ಹುಡುಗಿ ಒಂದು ರಟ್ಟಿನ ವಹಿಯಲ್ಲಿ ಕೈಬರಹದಲ್ಲಿ ಬರೆದಿಟ್ಟಿದ್ದಾಳೆ. ಅದರಲ್ಲಿ ಒಂದು ಅಂಕಿ ಬದಲಾಗಬೇಕಾದರೂ ಯಾರೊಂದಿಗೆ, ಯಾವ ದಿನ, ಎಷ್ಟು ಗಂಟೆಗೆ ಫೋನಿನಲ್ಲಿ ಮಾತಾಡಿದೆ ಎಂದು ಬರೆದು ಅವಳು ಸಹಿ ಮಾಡುತ್ತಾಳೆ. ಅವಳ ಸಹಿಯಿಲ್ಲದೆ ನಾನು ಒಟಿಪಿ ಹೇಳುವುದಿಲ್ಲ.