ಟೆಕ್ಸಾಸ್ ಜನರಲ್ ಲ್ಯಾಂಡ್ ಆಫೀಸಿನ ಆನ್‌ಲೈನ್ ಕಡತಗಳು: ಗೊಂಜಾಲೆಸ್ ದಳದ ಜಾಡು ಹಿಡಿಯುವವರಿಗೆ

ಮೆಕ್ಸಿಕೊದಿಂದ ಬಿಡುಗಡೆಗಾಗಿ ಟೆಕ್ಸಾಸ್ ನಡೆಸಿದ ಯುದ್ಧದಲ್ಲಿ ಗೊಂಜಾಲೆಸ್ ಊರಿನ ರೇಂಜಿಂಗ್ ಕಂಪನಿ ಬದುಕಿದ್ದು ಹನ್ನೆರಡೇ ದಿನ. 1836ರ ಫೆಬ್ರವರಿ 23ರಂದು ಬರ್ಡ್ ಲಾಕ್‌ಹಾರ್ಟ್ ಈ ಸ್ವಯಂಸೇವಕ ಕುದುರೆ ದಳದ ಹಾಜರಿಪಟ್ಟಿ ಬರೆಸಿದ. ದಳದ ಲೆಫ್ಟಿನೆಂಟ್ ಜಾರ್ಜ್ ಕಿಂಬೆಲ್ ಊರಿನಲ್ಲಿ ಟೋಪಿ ತಯಾರಿಸುತ್ತಿದ್ದವನು. ಮಾರ್ಚ್ 1ರ ನಸುಕಿನಲ್ಲಿ ಮೆಕ್ಸಿಕನ್ ಸೇನೆಯ ಮುತ್ತಿಗೆ ದಾಟಿ, ಸಾನ್ ಆಂಟೋನಿಯೊದ ಅಲಾಮೊ ಕೋಟೆ ಒಳಹೊಕ್ಕವರು 32 ಮಂದಿ ಎಂಬುದು ಬಳಕೆಯ ಲೆಕ್ಕ. 6ರಂದು ಅಲಾಮೊ ಮೆಕ್ಸಿಕನ್ನರ ಕೈಗೆ ಬಿತ್ತು; ಒಳಗಿದ್ದ ಹೋರಾಟಗಾರರು ಹೆಚ್ಚುಕಡಿಮೆ ಎಲ್ಲರೂ ಸತ್ತರು. ಇನ್ನೊಂದು ವಾರಕ್ಕೆ, ಹಿಮ್ಮೆಟ್ಟುತ್ತಿದ್ದ ಟೆಕ್ಸಾಸ್ ಸೇನಾಪತಿ ಸ್ಯಾಮ್ ಹ್ಯೂಸ್ಟನ್ ಗೊಂಜಾಲೆಸ್ ಊರನ್ನೇ ಸುಡಿಸಿದ. 1855ರಲ್ಲಿ ಆಸ್ಟಿನ್‌ನ ಅಡ್ಜುಟೆಂಟ್ ಜನರಲ್ ಕಚೇರಿಗೂ ಬೆಂಕಿ ಬಿದ್ದು ಸೇನಾ ದಾಖಲೆಗಳು ಹೋದವು. ಹೀಗಾಗಿ ಈ ದಳದ ಬಗ್ಗೆ ಗಟ್ಟಿ ಆಧಾರ ಬೇಕೆಂದರೆ ಸತ್ತವರ ವಾರಸುದಾರರಿಗೆ ಮಂಜೂರಾದ ಜಮೀನಿನ ಕಾಗದಗಳನ್ನೇ ಓದಬೇಕು.

ರಾಜ್ಯದ ಜಮೀನು ಮಂಜೂರಿಯ ಕಡತಗಳನ್ನು ಇಟ್ಟಿರುವ ಲ್ಯಾಂಡ್ ಆಫೀಸು ಅವನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಹುಡುಕಲು ಬಿಟ್ಟಿದೆ. ಮೂಲ ಮಂಜೂರಿದಾರನ ಹೆಸರು ಕೊಟ್ಟರೆ ಕೌಂಟಿ, ಸರ್ವೆಯ ಅಬ್‌ಸ್ಟ್ರಾಕ್ಟ್ ನಂಬರು (ಆ ಜಮೀನಿನ ಗುರುತಿನ ಸಂಖ್ಯೆ), ಎಕರೆ, ಕಡತದ ನಂಬರು ಬರುತ್ತವೆ; ಸ್ಕ್ಯಾನ್ ಆಗಿದ್ದರೆ ಕೈಬರಹದ ಹಾಳೆಗಳೂ ಸಿಗುತ್ತವೆ. ಹೆಸರಿನ ಕಾಗುಣಿತವನ್ನು ಮಾತ್ರ ನಂಬಬೇಡಿ. ಕಿಂಬೆಲ್‌ನನ್ನು ಕಿಂಬಲ್, ಕಿಂಬಾಲ್ ಎಂದೂ ಬರೆದ ಗುಮಾಸ್ತರಿದ್ದರು. ಮನೆತನದ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರದಿಂದ ಶುರುಮಾಡಿ, ಬಂದದ್ದನ್ನೆಲ್ಲ ಒಂದೊಂದಾಗಿ ತೆರೆದು ನೋಡುವುದೇ ಸರಿ.

ಎಕರೆಯ ಅಂಕಿಯೇ ಅರ್ಧ ಕಥೆ ಹೇಳುತ್ತದೆ. 640 ಎಕರೆ ಎಂದಿದ್ದರೆ ಅಲಾಮೊದಲ್ಲಿ ಸತ್ತದ್ದಕ್ಕೆ ಕೊಟ್ಟ ‘ಡೊನೇಷನ್’ ಇರಬಹುದು. 1,920 ಎಕರೆಯಿದ್ದರೆ ಸೇವೆಗೆ ಕೊಟ್ಟ ‘ಬೌಂಟಿ’. ಸುಮಾರು 4,605 ಎಕರೆ ಕಂಡರೆ ಅದು ಸಂಸಾರಸ್ಥ ನಿವಾಸಿಗೆ ಸಲ್ಲುತ್ತಿದ್ದ ‘ಹೆಡ್‌ರೈಟ್’. ಅದರಿಂದ ಯುದ್ಧ ಸೇವೆ ಸಾಬೀತಾಗುವುದಿಲ್ಲ. ಹಲವರು ಎಡವುವುದು ಇಲ್ಲೇ. 640 ಎಕರೆ, ಮುಂದಿನ ತಿಂಗಳು ನಡೆದ ಸಾನ್ ಹಸಿಂಟೊ ಯುದ್ಧದವರಿಗೂ ಸಿಕ್ಕಿತ್ತು, ಆದ್ದರಿಂದ ಪ್ರಮಾಣಪತ್ರದಲ್ಲಿ ಕಾರಣ ಏನು ಬರೆದಿದೆ ಎಂದು ಓದದೆ ಮುಂದೆ ಹೋಗಬಾರದು.

ಕಡತದೊಳಗಿನ ಸರ್ವೆ ಟಿಪ್ಪಣಿ ನಮ್ಮ ಚಕ್ಕುಬಂದಿಯಂತೆಯೇ: ಹೊಳೆ, ಗುರುತಿನ ಮರ, ಪಕ್ಕದ ಹಿಡುವಳಿದಾರ. ದೂರವೆಲ್ಲ ‘ವಾರಾ’ ಎಂಬ ಸ್ಪ್ಯಾನಿಷ್ ಅಳತೆಯಲ್ಲಿ. ಒಂದು ವಾರಾ 33⅓ ಇಂಚು, ಮೈಲಿಗೆ 1,900.8. 640 ಎಕರೆ ಎಂದರೆ ಒಂದು ಚದರ ಮೈಲಿ; ಅಂದರೆ ಆ ಚೌಕದ ಒಂದೊಂದು ಬದಿಯೂ ಸುಮಾರು 1,900 ವಾರಾ ಇರಬೇಕು. ಈ ಲೆಕ್ಕ ಕೈಯಲ್ಲಿದ್ದರೆ ಮಾಸಿದ ಅಂಕಿಯನ್ನೂ ಧೈರ್ಯವಾಗಿ ಓದಬಹುದು.

ಮಂಜೂರಿದಾರ ಮತ್ತು ಪೇಟೆಂಟ್ (ಸರ್ಕಾರ ಕೊಡುವ ಜಮೀನಿನ ಹಕ್ಕುಪತ್ರ) ಪಡೆದವ ಬೇರೆಬೇರೆ ಆಗಿದ್ದರೆ ಗಾಬರಿ ಬೇಡ. ವಾರಸುದಾರರು ಪ್ರಮಾಣಪತ್ರವನ್ನೇ ಮಾರುವುದು ಮಾಮೂಲಾಗಿತ್ತು. ಕೊಂಡವನು ತನಗೆ ಬೇಕಾದ ಖಾಲಿ ಜಾಗದಲ್ಲಿ ಅಳತೆ ಮಾಡಿಸಿಕೊಳ್ಳುತ್ತಿದ್ದ. ಹಾಗಾಗಿ ಜಮೀನು ಇರುವ ಕೌಂಟಿಯನ್ನು ನೋಡಿ ಸತ್ತವನ ಸಂಸಾರ ಅಲ್ಲಿತ್ತು ಎನ್ನಲಾಗದು. ಕಿಂಬಲ್, ಕಿಂಗ್, ಕಾಟಲ್, ಕೆಂಟ್ ಕೌಂಟಿಗಳಿಗೆ ಈ ದಳದವರ ಹೆಸರಿಟ್ಟದ್ದು ಬಹಳ ವರ್ಷಗಳ ಮೇಲೆ, ಗೌರವಕ್ಕಾಗಿ. ಅವನ್ನೇ ಮೊದಲು ತಡಕುವುದು ಸಮಯ ದಂಡ. ಅಪ್ಪನ ಬದಲಿಗೆ ಹೊರಟ 15ರ ಹುಡುಗ ವಿಲಿಯಂ ಕಿಂಗ್‌ನಂಥ ಅವಿವಾಹಿತರ ವಿಷಯದಲ್ಲಿ ತಂದೆತಾಯಿ, ಒಡಹುಟ್ಟಿದವರ ಹೆಸರಿನಲ್ಲೂ ಹುಡುಕಬೇಕು.

ಜಮೀನಿನ ಜಾಡಿಗೆ ಈ ಸೇವೆಯನ್ನು ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. ದಳದ ಪೂರ್ಣ ಪಟ್ಟಿ ಕಟ್ಟಲು ಇದೊಂದೇ ಸಾಲದು. ಹಾಜರಿಪಟ್ಟಿಯಲ್ಲಿದ್ದ ಎಲ್ಲರೂ ಅಲಾಮೊಗೆ ಹೋಗಲಿಲ್ಲ. ಹೋದ ಎಲ್ಲರೂ ಪಟ್ಟಿಯಲ್ಲಿರಲಿಲ್ಲ. ಲಾಕ್‌ಹಾರ್ಟ್ ಕೆಲಸದ ಮೇಲೆ ಹೊರಬಂದಿದ್ದರಿಂದ ಉಳಿದ. ಲ್ಯಾಂಡ್ ಆಫೀಸಿನ ಅಲಾಮೊ ಪಟ್ಟಿಯೂ ಆಮೇಲೆ ಕೂಡಿಸಿ ಬರೆದದ್ದು, ತಪ್ಪುಗಳಿವೆ. ಪ್ರತಿ ಹೆಸರಿಗೂ ಟೆಕ್ಸಾಸ್ ರಾಜ್ಯ ಗ್ರಂಥಾಲಯದ ‘ರಿಪಬ್ಲಿಕ್ ಕ್ಲೇಮ್ಸ್’ ತೆರೆದು, ಕುದುರೆ, ಬಂದೂಕು, ಬಾಕಿ ಸಂಬಳಕ್ಕೆ ಯಾರು ಅರ್ಜಿ ಹಾಕಿದರೆಂದು ತಾಳೆ ನೋಡಿ. ಅದೂ ಉಚಿತ.