ಹಳೇ ಬಿಳಿ ಫ್ರಿಜ್‌ಗೆ ಸ್ಟೀಲ್ ಫಿಲಂ ಅಂಟಿಸಿ ಮೂರು ವರ್ಷ: ನನ್ನ ಅನುಭವ

ನಮ್ಮ ಫ್ರಿಜ್ 2009ರಲ್ಲಿ ತಗೊಂಡಿದ್ದು. ಎರಡು ಬಾಗಿಲು, ಬಿಳಿ ಬಣ್ಣ. ಇವತ್ತಿಗೂ ಐಸ್ ಚೆನ್ನಾಗಿ ಕಟ್ಟುತ್ತದೆ, ದೋಸೆ ಹಿಟ್ಟು ಮೂರು ದಿನ ಇಟ್ಟರೂ ಹುಳಿ ಬರುವುದಿಲ್ಲ, ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಥರ್ಮೋಸ್ಟಾಟ್ ಬದಲಾಯಿಸಿದ್ದೇವೆ. ನೋಡೋಕೆ ಮಾತ್ರ ಬೇಜಾರಾಗುತ್ತಿತ್ತು. ಬಿಳುಪು ಹೋಗಿ ಹಳದಿಗೆ ತಿರುಗಿತ್ತು. ಮಕ್ಕಳು ಅಂಟಿಸಿ ಕಿತ್ತ ಸ್ಟಿಕ್ಕರ್‌ಗಳ ಗುರುತು ಬೇರೆ. ನೆಲ ಒರೆಸಿದ ನೀರು ತಾಗಿ ತಾಗಿ ಕೆಳಗಿನ ಅಂಚಿಗೆ ತುಕ್ಕು ಹಿಡಿದಿತ್ತು.

2021ರ ದಸರಾಕ್ಕೆ ಮುಂಚೆ ಸರಸ್ವತಿಪುರಂನ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಹೊಸ ಗೋಡೆ ಪಕ್ಕ ಈ ಫ್ರಿಜ್ ಇನ್ನೂ ಹಳೆಯದಾಗಿ ಕಂಡಿತು. ಮನೆಯವರು ಹೊಸದು ತಗೊಳ್ಳೋಣ ಅಂದರು. ಅತ್ತೆ, "ನೆಟ್ಟಗೆ ನಡೀತಿರೋದನ್ನ ಯಾಕಮ್ಮ ಗುಜರಿಗೆ ಹಾಕ್ತೀರಾ" ಅಂದರು. ನನಗೂ ಅದೇ ಸರಿ ಅನ್ನಿಸಿತು. ಆನ್‌ಲೈನಲ್ಲಿ ಹುಡುಕುವಾಗ ಕಂಡಿದ್ದು ಈ ಅಂಟಿಸೋ ಫಿಲಂ. ಸ್ಟೇನ್‌ಲೆಸ್ ಸ್ಟೀಲ್ ಥರ ಸಣ್ಣ ಗೆರೆಗಳಿರುತ್ತವೆ, ಹಿಂದೆ ಅಂಟು ಇರುತ್ತದೆ, ಕಾಗದ ಸುಲಿದು ಅಂಟಿಸುವುದು.

ಅಲ್ಲಿಂದ ಈಚೆಗೆ ಮೂರು ಬೇಸಿಗೆ, ಮೂರು ಮಳೆಗಾಲ, ನಾಲ್ಕು ಆಯುಧಪೂಜೆ ಕಂಡಿದೆ ಈ ಫಿಲಂ. ಅಂಟಿಸಿದ ವಾರದಲ್ಲೇ "ಸೂಪರ್" ಅಂತ ಐದು ಸ್ಟಾರ್ ಕೊಟ್ಟ ವಿಮರ್ಶೆಗಳು ಬೇಕಾದಷ್ಟಿವೆ. ಆಮೇಲೆ ಏನಾಗುತ್ತದೆ ಅನ್ನೋದು ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದು ಸ್ಟೀಲ್ ಅಲ್ಲ. ಪಿವಿಸಿ ಪ್ಲಾಸ್ಟಿಕ್ ಹಾಳೆ ಮೇಲೆ ಸ್ಟೀಲ್ ಥರ ಕಾಣೋ ಹಾಗೆ ಮುದ್ರಿಸಿರುತ್ತಾರೆ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರೆ ಸ್ಟೀಲ್ ಅಂತಲೇ ಅನ್ನಿಸುತ್ತದೆ. ಕೈ ಇಟ್ಟರೆ ಪಾತ್ರೆಯ ತಣ್ಣನೆ ಇರುವುದಿಲ್ಲ, ಆಗ ಗೊತ್ತಾಗುತ್ತದೆ. ನನಗೆ ಅದರಿಂದ ಏನೂ ಬೇಸರವಿಲ್ಲ. ಅಂಗಡಿಯಲ್ಲಿ "ಸ್ಟೀಲ್ ಫಿನಿಶ್" ಅಂತ ಮಾರುವ ಎಷ್ಟೋ ಫ್ರಿಜ್‌ಗಳ ಬಾಗಿಲೂ ಮಾಮೂಲಿ ತಗಡೇ, ಮೇಲೆ ಕಾರ್ಖಾನೆಯಲ್ಲೇ ಬಣ್ಣವೋ ಫಿಲಂ ಪದರವೋ ಕೂರಿಸಿರುತ್ತಾರೆ. ಅವರು ಮೆಷಿನ್‌ನಲ್ಲಿ ಮಾಡುವುದನ್ನು ನಾವು ಕೈಯಲ್ಲಿ ಮಾಡುತ್ತೇವೆ, ಹಾಗಾಗಿ ಕೈಕೆಲಸ ಚೆನ್ನಾಗಿರಬೇಕು, ಅಷ್ಟೇ.

ನಾನು ಮೊದಲು ತರಿಸಿದ್ದು 45 ಸೆಂಟಿಮೀಟರ್ ಅಗಲದ ಸುರುಳಿ. ನಮ್ಮ ಫ್ರಿಜ್ ಬಾಗಿಲು 56 ಸೆಂಟಿಮೀಟರ್. ಅಳತೆ ನೋಡದೆ ತರಿಸಿಬಿಟ್ಟೆ. ಕೆಳಗಿನ ಬಾಗಿಲಿಗೆ ಎರಡು ತುಂಡು ಜೋಡಿಸಿ ಅಂಟಿಸಿದರೆ ನಡುವೆ ಗೆರೆ ಎದ್ದು ಕಾಣುತ್ತಿತ್ತು. ಅವತ್ತು ಸಂಜೆಯೇ ಕಿತ್ತು ಹಾಕಿದೆ. ಆಮೇಲೆ 60 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದದ್ದು ತರಿಸಿದೆ, 780 ರೂಪಾಯಿ ಆಯಿತು. ಆಗ ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಮಡಚೋಕೆ ಸಿಕ್ಕಿತು. ಬಾಗಿಲಿನ ಅಗಲಕ್ಕಿಂತ ನಾಲ್ಕು ಸೆಂಟಿಮೀಟರ್ ಆದರೂ ಜಾಸ್ತಿ ಇರುವ ಸುರುಳಿಯನ್ನೇ ತಗೊಳ್ಳಿ. ಇನ್ನೊಂದು, ಒಲೆ ಹಿಂದಿನ ಗೋಡೆಗೆ ಅಂತ ಅಲ್ಯೂಮಿನಿಯಂ ಫಾಯಿಲ್ ಸ್ಟಿಕ್ಕರ್ ಸಿಗುತ್ತದಲ್ಲ, ತೆಳ್ಳಗೆ ಮಿರಮಿರ ಮಿಂಚುವಂಥದ್ದು, ಅದು ಬೇರೆ. ಒಂದು ಸಲ ಸುಕ್ಕಾದರೆ ಮತ್ತೆ ನೆಟ್ಟಗಾಗಲ್ಲ. ಫ್ರಿಜ್‌ಗೆ ಅದು ಬೇಡ.

ನನಗೆ ಕೆಲಸ ಹೇಳಿಕೊಟ್ಟವರು ಶಿವರಾಂಪೇಟೆ ಕಡೆ ರೇಡಿಯಂ ಕಟಿಂಗ್ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹುಡುಗ. ಗಾಡಿಗಳಿಗೆ ಸ್ಟಿಕ್ಕರ್ ಹಾಕುವವರು. ಸ್ಕೂಟರ್ ನಂಬರ್ ಬರೆಸೋಕೆ ಹೋದಾಗ ಕೇಳಿದೆ. "ಅಕ್ಕ, ಅಂಟಿಸೋದು ಹತ್ತು ನಿಮಿಷದ ಕೆಲಸ. ತೊಳೆಯೋದಕ್ಕೆ ಅರ್ಧ ದಿನ ಇಟ್ಕೊಳ್ಳಿ" ಅಂದರು. ಮೂರು ವರ್ಷದಲ್ಲಿ ನಾನು ಕಂಡುಕೊಂಡಿದ್ದೂ ಅದೇ. ಫಿಲಂ ಎದ್ದಿರುವ ಜಾಗಗಳೆಲ್ಲ ನಾನು ಸರಿಯಾಗಿ ತೊಳೆಯದೆ ಬಿಟ್ಟಿದ್ದ ಜಾಗಗಳೇ.

ನಮ್ಮ ಅಡುಗೆಮನೆಗಳಲ್ಲಿ ದಿನಕ್ಕೆ ಎರಡು ಮೂರು ಸಲ ಒಗ್ಗರಣೆ ಚಟಪಟ ಅನ್ನುತ್ತದೆ. ಆ ಎಣ್ಣೆ ಹೊಗೆ ಫ್ರಿಜ್ ಮೇಲೆ ತೆಳ್ಳಗೆ ಕೂತಿರುತ್ತದೆ, ಕಣ್ಣಿಗೆ ಕಾಣಲ್ಲ, ಬೆರಳಲ್ಲಿ ಉಜ್ಜಿದರೆ ಗೊತ್ತಾಗುತ್ತದೆ. ಮೊದಲು ಪಾತ್ರೆ ತೊಳೆಯುವ ಸೋಪಿನ ಬಿಸಿನೀರಲ್ಲಿ ಎರಡು ಸಲ ಒರೆಸಿದೆ. ಒಣಗಿದ ಮೇಲೆ ಮೆಡಿಕಲ್ ಶಾಪಿನ ಸ್ಪಿರಿಟ್ ಹಾಕಿ ಒರೆಸಿದೆ. ಕೊರೊನಾ ಸಮಯದ ಸ್ಯಾನಿಟೈಸರ್ ಮನೆ ತುಂಬ ಇತ್ತು, ಅದನ್ನೇ ಬಳಸೋಣ ಅಂತಿದ್ದೆ, ಆ ಹುಡುಗ ಬೇಡ ಅಂದರು. ಕೈ ಒಣಗದೆ ಇರಲಿ ಅಂತ ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ, ಅದು ಅಲ್ಲೇ ಉಳಿದುಕೊಂಡರೆ ಅಂಟು ಹಿಡಿಯಲ್ಲ.

ಅಂಟಿಸೋದು ಹೀಗೆ. ಸ್ಪ್ರೇ ಬಾಟಲಿ ನೀರಿಗೆ ಎರಡೇ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಾಗಿಲಿಗೆ ಸಿಂಪಡಿಸಬೇಕು. ಆಗ ಫಿಲಂ ತಕ್ಷಣ ಕಚ್ಚಿಕೊಳ್ಳಲ್ಲ, ಅತ್ತ ಇತ್ತ ಜಾರಿಸಿ ಸರಿ ಮಾಡಬಹುದು. ಆಮೇಲೆ ಹಳೇ ಎಟಿಎಂ ಕಾರ್ಡಿಗೆ ಮೆತ್ತನೆ ಬಟ್ಟೆ ಸುತ್ತಿ ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳಬೇಕು. ಒಬ್ಬರ ಕೈಲಿ ಆಗುವ ಕೆಲಸವಲ್ಲ. ಒಬ್ಬರು ಹಿಂದಿನ ಕಾಗದ ಸುಲಿಯುತ್ತಾ ಇರಬೇಕು, ಇನ್ನೊಬ್ಬರು ಒತ್ತುತ್ತಾ ಬರಬೇಕು. ಸಣ್ಣ ಗುಳ್ಳೆ ಉಳಿದರೆ ಹೊಲಿಗೆ ಸೂಜಿಯಲ್ಲಿ ಚುಚ್ಚಿ ಒತ್ತಿದರೆ ಕೂತುಬಿಡುತ್ತದೆ. ಮೂಲೆಗಳಿಗೆ ಹೇರ್ ಡ್ರೈಯರ್ ಗಾಳಿ ತೋರಿಸಿ ಎಳೆದು ಮಡಚಿದರೆ ಸುಕ್ಕಿಲ್ಲದೆ ತಿರುಗುತ್ತದೆ.

ಮಡಚುವಾಗ ಬಾಗಿಲಿನ ರಬ್ಬರ್ ಇದೆಯಲ್ಲ, ಅದರ ಹತ್ತಿರ ಫಿಲಂ ಹೋಗಬಾರದು. ಫ್ರೀಜರ್ ಬಾಗಿಲಲ್ಲಿ ನಾನು ಆ ತಪ್ಪು ಮಾಡಿದೆ. ಫಿಲಂ ಅಂಚು ರಬ್ಬರ್ ಕೆಳಗೆ ಸಿಕ್ಕಿಕೊಂಡು ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ, ಒಳಗೆ ಐಸ್ ಗೋಡೆ ಥರ ಬೆಳೆಯೋಕೆ ಶುರುವಾಯಿತು. ಪರೀಕ್ಷೆ ಸುಲಭ. ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ಸೀಲ್ ಸರಿಯಿಲ್ಲ ಅಂತ ಅರ್ಥ. ಸುತ್ತಲೂ ನಾಲ್ಕೈದು ಕಡೆ ನೋಡಿ.

ಅದೇ ಫ್ರೀಜರ್ ಬಾಗಿಲಲ್ಲಿ ಇನ್ನೊಂದು ತಪ್ಪೂ ಆಯಿತು. ವೇಸ್ಟ್ ಆಗದಿರಲಿ ಅಂತ ಹಳೇ 45 ಸೆಂಟಿಮೀಟರ್ ಸುರುಳಿಯ ತುಂಡನ್ನೇ ಅಡ್ಡ ತಿರುಗಿಸಿ ಅಂಟಿಸಿದೆ. ಕೆಳಗಿನ ಬಾಗಿಲಲ್ಲಿ ಗೆರೆ ಉದ್ದಕ್ಕೆ, ಮೇಲಿನದರಲ್ಲಿ ಅಡ್ಡಕ್ಕೆ. ಫಿಲಂ ಒಂದೇ ಆದರೂ ಬೆಳಕು ಬಿದ್ದಾಗ ಎರಡು ಬೇರೆ ಬೇರೆ ಬಣ್ಣದ ಹಾಗೆ ಕಾಣುತ್ತಿತ್ತು. ಮನೆಗೆ ಬಂದವರೆಲ್ಲ "ಮೇಲ್ಗಡೆ ಬಾಗಿಲು ಬದಲಾಯಿಸಿದ್ದೀರಾ" ಅಂತ ಕೇಳೋರು. ಒಂದು ವರ್ಷ ತಡೆದುಕೊಂಡು ಕಿತ್ತು, ಗೆರೆ ಒಂದೇ ದಿಕ್ಕಿಗೆ ಬರುವ ಹಾಗೆ ಹೊಸದಾಗಿ ಹಾಕಿದೆ.

ತುಕ್ಕಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ನಾನು ತುಕ್ಕಿನ ಮೇಲೆಯೇ ಅಂಟಿಸಿಬಿಟ್ಟೆ, ಮುಚ್ಚಿಹೋಗುತ್ತದೆ ಅಂದುಕೊಂಡಿದ್ದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಅಂಚಲ್ಲಿ ಹಪ್ಪಳದ ಥರ ಗುಳ್ಳೆ ಎದ್ದಿತು. ಬಿಚ್ಚಿ ನೋಡಿದರೆ ತುಕ್ಕು ಮೊದಲಿಗಿಂತ ಜಾಸ್ತಿಯಾಗಿತ್ತು. ಒಳಗೆ ಸೇರಿದ ತೇವ ಹೊರಗೆ ಹೋಗೋಕೆ ದಾರಿಯೇ ಇರಲಿಲ್ಲ ಅಲ್ವಾ. ಕೆಳಗಿನ ಒಂದು ಗೇಣು ಫಿಲಂ ಕತ್ತರಿಸಿ ತೆಗೆದು, ಉಪ್ಪುಕಾಗದದಲ್ಲಿ ತಗಡು ಕಾಣುವ ತನಕ ಉಜ್ಜಿ, ಪ್ರೈಮರ್ ಹಚ್ಚಿ, ಎರಡು ದಿನ ಒಣಗಿಸಿ ಹೊಸ ಪಟ್ಟಿ ಅಂಟಿಸಿದೆ. ಈಗ ಅಲ್ಲಿ ಒಂದು ಜೋಡಣೆ ಗೆರೆ ಇದೆ. ಮೊದಲೇ ಮಾಡಿದ್ದರೆ ಅದು ಇರುತ್ತಿರಲಿಲ್ಲ.

ಇನ್ನು ಬಿಸಿ. ಮಾರುವವರು "ಹೀಟ್ ಪ್ರೂಫ್" ಅಂತ ಬರೆದಿದ್ದರು. ಅದನ್ನು ನಂಬಿ ಉಳಿದ ತುಂಡನ್ನು ಚಿಮಣಿ ಮುಂಭಾಗಕ್ಕೆ ಅಂಟಿಸಿದೆ. ಎರಡು ತಿಂಗಳೂ ಬರಲಿಲ್ಲ. ಕೆಳಗಿನ ಅಂಚು ಸುರುಳಿ ಸುತ್ತಿಕೊಂಡಿತು, ಅಂಟು ಕರಗಿ ಜಿಗುಟಾಗಿ ಅದರ ಮೇಲೆ ಎಣ್ಣೆ ಮಸಿ ಕೂತಿತು. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗಿಬಿಡುತ್ತದೆ, ಅಂಟು ಅದಕ್ಕೂ ಮುಂಚೆ ಸೋಲುತ್ತದೆ. ಅದು ಸುಟ್ಟರೆ ಬರುವ ಹೊಗೆ ಒಳ್ಳೆಯದಲ್ಲ. ಗ್ಯಾಸ್ ಒಲೆ, ಓವನ್, ಚಿಮಣಿ, ಒಲೆ ಹಿಂದಿನ ಗೋಡೆ, ಇವಕ್ಕೆ ಯಾರೇನೇ ಹೇಳಲಿ, ದಯವಿಟ್ಟು ಹಾಕಬೇಡಿ. ಮಿಕ್ಸಿ, ಗ್ರೈಂಡರ್‌ಗೂ ಬೇಡ. ಅವುಗಳ ಮೈ ಉಬ್ಬುತಗ್ಗು, ಫಿಲಂ ಕೂರಲ್ಲ, ಮೋಟರ್ ಗಾಳಿಯಾಡುವ ಕಿಂಡಿ ಮುಚ್ಚಿಹೋದರೆ ಇನ್ನೂ ಕಷ್ಟ.

ಫ್ರಿಜ್‌ನ ಪಕ್ಕದ ಗೋಡೆಗೂ ಒಂದು ಸಲ ಕೈ ಇಟ್ಟು ನೋಡಿ. ನಮ್ಮದು ಹಳೆಯದು, ಬಿಸಿ ಬಿಡುವ ಕಂಬಿಗಳು ಹಿಂದುಗಡೆ ಇವೆ, ಹಾಗಾಗಿ ಕಾಣುವ ಪಕ್ಕಕ್ಕೂ ಹಾಕಿದೆ, ತೊಂದರೆಯಾಗಿಲ್ಲ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಆ ಕಂಬಿಗಳನ್ನು ಪಕ್ಕದ ಗೋಡೆಯೊಳಗೇ ಇಟ್ಟಿರುತ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಮುಟ್ಟಿದರೆ ಚೆನ್ನಾಗಿ ಬಿಸಿಯಿರುತ್ತದೆ. ಅಂಥದ್ದಕ್ಕೆ ಮುಂದಿನ ಬಾಗಿಲು ಮಾತ್ರ ಸಾಕು.

ದಿನದ ಬಳಕೆಯಲ್ಲಿ ಹೇಗಿದೆ ಅಂದರೆ, ನಿಜವಾಗಲೂ ಖುಷಿಯಿದೆ. ಸಾರು ಸಿಡಿದರೂ ಒದ್ದೆ ಬಟ್ಟೆಯಲ್ಲಿ ಹೋಗುತ್ತದೆ. ಬೆರಳಿನ ಗುರುತು ಕಾಣಲ್ಲ. ಮ್ಯಾಗ್ನೆಟ್ ಮೊದಲಿನ ಹಾಗೇ ಹಿಡಿಯುತ್ತದೆ, ಕೆಳಗೆ ತಗಡು ಇದ್ದೇ ಇದೆಯಲ್ಲ. ಕೆಲಸಕ್ಕೆ ಬರುವ ಅಕ್ಕ ಒಂದು ದಿನ ಪಾತ್ರೆ ಉಜ್ಜುವ ಹಸಿರು ನಾರಿನಲ್ಲಿ ಉಜ್ಜಿಬಿಟ್ಟರು, ನಾನು ಮೊದಲೇ ಹೇಳಿರಲಿಲ್ಲ. ಹಿಡಿ ಪಕ್ಕ ಅಂಗೈಯಗಲ ಜಾಗ ಮಂಕಾಗಿದೆ, ಅದು ಮತ್ತೆ ಬರಲ್ಲ. ಹಿಡಿಗೆ ಫಿಲಂ ಸುತ್ತೋಕೆ ಎರಡು ಸಲ ನೋಡಿದೆ, ನಿಲ್ಲಲಿಲ್ಲ, ಅದು ಹಳದಿಯಾಗಿಯೇ ಇದೆ.

ಮೊದಲ ಆಯುಧಪೂಜೆಗೆ ಅತ್ತೆ ಎಂದಿನ ಹಾಗೆ ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟರು. ವಿಜಯದಶಮಿ ಮಾರನೇ ದಿನ ಒರೆಸಿದರೆ ಕುಂಕುಮದ ಜಾಗ ಗುಲಾಬಿಯಾಗಿ ಉಳಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿದಾಗ ಮುಕ್ಕಾಲು ಪಾಲು ಹೋಯಿತು. ಈಗ ಅತ್ತೆಯೇ ಹಿಡಿಗೆ ಇಡುತ್ತಾರೆ, ಬಾಗಿಲಿಗೆ ಹೂ ಮಾತ್ರ.

ಮಂಡ್ಯದಲ್ಲಿರುವ ನಮ್ಮಕ್ಕ ಇದನ್ನು ನೋಡಿ ತನ್ನ ವಾಷಿಂಗ್ ಮೆಷಿನ್ ಮುಂಭಾಗಕ್ಕೆ ಹಾಕಿಕೊಂಡಳು. ಅವರ ಮನೆ ಬೋರ್‌ವೆಲ್ ನೀರು ಗಡಸು, ಹನಿ ಬಿದ್ದು ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ. ನಿಂಬೆರಸ ಬೆರೆಸಿದ ನೀರಲ್ಲಿ ಒರೆಸಿದರೆ ಹೋಗುತ್ತದೆ, ಆದರೆ ವಾರಕ್ಕೊಂದು ಸಲ ಮಾಡಲೇಬೇಕು. ಒದ್ದೆಯಾಗುವ ಜಾಗದಲ್ಲಿ ಕೆಲಸ ಜಾಸ್ತಿ ಅಂತ ಅವಳ ಅಭಿಪ್ರಾಯ.

ಮೂರು ವರ್ಷಕ್ಕೆ ಫಿಲಂ ಸ್ವಲ್ಪ ಕುಗ್ಗಿದೆ. ಅಂಚುಗಳಲ್ಲಿ ಒಂದು ದಾರದಷ್ಟು ಅಂಟು ಹೊರಗೆ ಕಾಣುತ್ತದೆ, ಅದಕ್ಕೆ ದೂಳು ಹಿಡಿದು ಕಪ್ಪು ಗೆರೆಯಾಗಿದೆ. ಅಗ್ಗದ ಫಿಲಂಗಳು ಹೀಗೇ ಕುಗ್ಗುವುದು ಅಂತ ರೇಡಿಯಂ ಅಂಗಡಿಯ ಹುಡುಗ ಮೊದಲೇ ಹೇಳಿದ್ದರು. ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ತಿಂಗಳಿಗೊಮ್ಮೆ ಒರೆಸುತ್ತೇನೆ.

ತೆಗೆಯುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಒಂದು ವರ್ಷಕ್ಕೆ ಕಿತ್ತಾಗ ಸಲೀಸಾಗಿ ಬಂದಿತ್ತು. ಕಳೆದ ತಿಂಗಳು ಪಕ್ಕದ ಒಂದು ಮೂಲೆ ಎಬ್ಬಿಸಿ ನೋಡಿದೆ, ಈಗ ಅಂಟು ಬಲವಾಗಿ ಕಚ್ಚಿದೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡುತ್ತಾ ನಿಧಾನಕ್ಕೆ ಎಳೆಯಬೇಕು, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಉಜ್ಜಿ ಸೋಪು ಹಾಕಿ ತೊಳೆಯಬೇಕು. ಥಿನ್ನರ್ ಮಾತ್ರ ಹಾಕಬೇಡಿ, ಫ್ರಿಜ್ ಬಣ್ಣವೇ ಬರುತ್ತದೆ.

ಎರಡೂ ಸುರುಳಿ, ಪ್ರೈಮರ್, ಸ್ಪಿರಿಟ್ ಎಲ್ಲ ಸೇರಿ ನನಗೆ 1,500 ರೂಪಾಯಿ ಒಳಗೇ ಆಗಿದೆ. ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಕಡಿಮೆ ಮಾಡಿದ್ದು ಆ "ಹೀಟ್ ಪ್ರೂಫ್" ಮಾತಿಗೆ. ಇನ್ನೂ ಒಂದು ಮೀಟರ್‌ನಷ್ಟು ಫಿಲಂ ಉಳಿದಿದೆ, ಮುಂದೆ ಫ್ರೀಜರ್ ಬಾಗಿಲಿಗೆ ಬೇಕಾಗಬಹುದು ಅಂತ ಸುತ್ತಿ ಬೀರು ಮೇಲೆ ಇಟ್ಟಿದ್ದೇನೆ. ನೀವೂ ಉಳಿದದ್ದನ್ನು ಮಡಚದೆ ಸುತ್ತಿಯೇ ಇಡಿ, ಮಡಚಿದ ಗೆರೆ ಅಂಟಿಸಿದ ಮೇಲೂ ಹೋಗಲ್ಲ.