ಇನ್ಶೂರೆನ್ಸ್ ಡಾಕ್ಟರ್, ಕಾನ್ಸಿಯರ್ಜ್ ಡಾಕ್ಟರ್, ತಿಂಗಳ ಫೀಸಿನ ಡಾಕ್ಟರ್: ಮೂರೂ ಕಡೆ ತೋರಿಸಿಕೊಂಡ ಮೇಲೆ

ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ನಾವು ಬಂದಿದ್ದು 2018ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೂರು ಥರದ ಡಾಕ್ಟರ್ ವ್ಯವಸ್ಥೆಯಲ್ಲಿ ಇದ್ದು ನೋಡಿದ್ದೇವೆ. ಯಾವುದಕ್ಕೆ ದುಡ್ಡು ಕೊಟ್ಟರೆ ಏನು ಸಿಗುತ್ತದೆ ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮೂರು ವರ್ಷ ಎಲ್ಲರ ಹಾಗೇ ಇದ್ದೆವು. ಕಂಪನಿ ಕೊಟ್ಟ ಇನ್ಶೂರೆನ್ಸ್, ಅದರ ಪಟ್ಟಿಯಲ್ಲಿದ್ದ ಒಂದು ದೊಡ್ಡ ಕ್ಲಿನಿಕ್. ಇಂಥ ಕಡೆ ಒಬ್ಬ ಡಾಕ್ಟರ್ ಕೈಕೆಳಗೆ ಎರಡು ಸಾವಿರದಷ್ಟು ರೋಗಿಗಳಿರುವುದು ಮಾಮೂಲು. ಹೊಸಬರಿಗೆ ಅಪಾಯಿಂಟ್‌ಮೆಂಟ್ ಸಿಗಲು ನಮಗೆ ಏಳು ವಾರ ಹಿಡಿಯಿತು. ಒಳಗೆ ಹೋದರೆ ಹದಿನೈದು ನಿಮಿಷ. ಡಾಕ್ಟರ್ ಒಳ್ಳೆಯವರೇ, ಆದರೆ ಅವರ ಕಣ್ಣು ಕಂಪ್ಯೂಟರ್ ಮೇಲೆ, ಒಂದು ಕೈ ಬಾಗಿಲ ಕಡೆ. ವರ್ಷಕ್ಕೊಮ್ಮೆಯ ತಪಾಸಣೆ ಇನ್ಶೂರೆನ್ಸ್‌ನಲ್ಲಿ ಉಚಿತ. ಅದೇ ಹೊತ್ತಲ್ಲಿ ನಾನು "ಮಂಡಿ ನೋಯುತ್ತೆ" ಅಂದೆ. ಮುಂದಿನ ತಿಂಗಳು 180 ಡಾಲರ್ ಬಿಲ್ ಬಂತು. ತಪಾಸಣೆ ಬೇರೆ, ಮಂಡಿ ನೋವು ಬೇರೆ ಭೇಟಿ ಅಂತ ಲೆಕ್ಕವಂತೆ. ಆಮೇಲೆ ಡಾಕ್ಟರ್ ಮುಂದೆ ಬಾಯಿ ಬಿಡೋಕೇ ಹೆದರಿಕೆ ಆಗುತ್ತಿತ್ತು. ರೋಗಿಗೆ ಹೀಗೆ ಅನ್ನಿಸಬಾರದು, ಅಲ್ವಾ?

2021ರ ಮಾರ್ಚ್‌ನಲ್ಲಿ ನಮ್ಮವರ ರಕ್ತದ ರಿಪೋರ್ಟ್ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎ1ಸಿ 6.1. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ. ಕ್ಲಿನಿಕ್‌ನಿಂದ ಬಂದ ಸಂದೇಶ ಇಷ್ಟೇ: "ನಿಮ್ಮ ತೂಕ ಸರಿಯಾಗಿದೆ, ವ್ಯಾಯಾಮ ಮಾಡಿ, ಮುಂದಿನ ವರ್ಷ ನೋಡೋಣ." ಆಗ ಅವರಿಗೆ 41. ನಮ್ಮ ಮಾವನಿಗೆ ಬೈಪಾಸ್ ಆಗಿದ್ದು ಐವತ್ತನೇ ವಯಸ್ಸಿಗೆ. ಅದನ್ನು ಯಾರೂ ಕೇಳಿರಲೇ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಕಾನ್ಸಿಯರ್ಜ್ ಡಾಕ್ಟರ್ ಹತ್ತಿರ ಹೋದೆವು. ಅಂದರೆ ವರ್ಷಕ್ಕಿಷ್ಟು ಅಂತ ಸದಸ್ಯತ್ವದ ಫೀಸು ತಗೊಂಡು, ಕೆಲವೇ ರೋಗಿಗಳನ್ನು ಬಿಡುವಾಗಿ ನೋಡುವ ಡಾಕ್ಟರ್. ಈ ಪದ್ಧತಿ ಹುಟ್ಟಿದ್ದೇ ನಮ್ಮ ಪಕ್ಕದ ಸಿಯಾಟಲ್‌ನಲ್ಲಿ. ಸಿಯಾಟಲ್‌ನ ಬ್ಯಾಸ್ಕೆಟ್‌ಬಾಲ್ ತಂಡ ಸೂಪರ್‌ಸಾನಿಕ್ಸ್‌ಗೆ ಡಾಕ್ಟರ್ ಆಗಿದ್ದ ಹೊವರ್ಡ್ ಮಾರನ್ 1996ರಲ್ಲಿ ಎಂಡಿ ಸ್ಕ್ವೇರ್ಡ್ ಅನ್ನುವ ಇಂಥ ಕ್ಲಿನಿಕ್ ಶುರು ಮಾಡಿದರು. ಆಟಗಾರರಿಗೆ ಸಿಗುವಂಥ ಆರೈಕೆ ಬೇರೆಯವರಿಗೂ ಸಿಗಲಿ ಅನ್ನೋ ಯೋಚನೆ. ಒಬ್ಬ ಡಾಕ್ಟರ್‌ಗೆ ಐವತ್ತೇ ಕುಟುಂಬ. ಅಷ್ಟು ದುಬಾರಿಯದು ನಮ್ಮ ಕೈಗೆ ಎಟುಕುವುದಲ್ಲ. ನಾವು ಸೇರಿದ ಕಡೆ ಒಬ್ಬರಿಗೆ ವರ್ಷಕ್ಕೆ 3,600 ಡಾಲರ್. ಇಬ್ಬರಿಗೆ 7,200. ಈ ದುಡ್ಡು ಇನ್ಶೂರೆನ್ಸ್‌ಗೆ ಹೊರತು. ಭೇಟಿಯ ಬಿಲ್ ಮಾತ್ರ ಅವರೂ ಇನ್ಶೂರೆನ್ಸ್‌ಗೇ ಕಳಿಸುತ್ತಿದ್ದರು.

ಮೊದಲ ಭೇಟಿ ಒಂದೂವರೆ ಗಂಟೆ. ಆ ಡಾಕ್ಟರ್ ಮೊದಲು ಕೇಳಿದ್ದೇ "ನಿಮ್ಮ ತಂದೆ ತಾಯಿ ಹೇಗಿದ್ದಾರೆ?" ಅಂತ. ಬೈಪಾಸ್ ವಿಷಯ ಹೇಳುತ್ತಿದ್ದಂತೆ ಪೆನ್ನು ಕೆಳಗಿಟ್ಟು ಕೇಳಿದರು. ದಕ್ಷಿಣ ಏಷ್ಯಾದವರು ಅನ್ನುವುದೇ ಹೃದಯದ ಅಪಾಯ ಹೆಚ್ಚಿಸುವ ಒಂದು ಅಂಶ, 2018ರ ಅಮೆರಿಕನ್ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲೇ ಅದು ಇದೆ ಅಂದರು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ದಾಟಿದರೆ ಸಕ್ಕರೆ ಪರೀಕ್ಷೆ ಅನ್ನುವ ಲೆಕ್ಕ ನಮಗೆ ಹೊಂದುವುದಿಲ್ಲ, ಏಷ್ಯಾ ಮೂಲದವರಿಗೆ 23ರಿಂದಲೇ ನೋಡಬೇಕು ಅಂತಲೂ ಹೇಳಿದರು. ನಮ್ಮವರದು 24. ಲೈಪೊಪ್ರೋಟೀನ್-ಎ ಅನ್ನುವ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಕಣದ ಪರೀಕ್ಷೆ ಬರೆದುಕೊಟ್ಟರು. ಅದು ಹುಟ್ಟಿನಿಂದ ಬರುವಂಥದ್ದು, ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕು. ಜೊತೆಗೆ ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿದೆಯಾ ಅಂತ ನೋಡುವ ಕ್ಯಾಲ್ಸಿಯಂ ಸ್ಕ್ಯಾನ್. ಅದಕ್ಕೆ ನಾವು ಕೈಯಿಂದ ಕೊಟ್ಟಿದ್ದು 120 ಡಾಲರ್. ಸ್ಕ್ಯಾನಿನಲ್ಲಿ ಸ್ವಲ್ಪ ಸುಣ್ಣ ಕಂಡಿತು. ಅದೇ ವಾರ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರುವಾಯಿತು. ಹೃದಯದ ಡಾಕ್ಟರ್‌ಗೆ ಈ ಕಾನ್ಸಿಯರ್ಜ್ ಡಾಕ್ಟರೇ ಫೋನ್ ಮಾಡಿದರು, ಎಂಟು ದಿನದಲ್ಲಿ ಸಮಯ ಸಿಕ್ಕಿತು.

ಆ ಒಂದೂವರೆ ಗಂಟೆಯ ಋಣ ನಾನು ಮರೆಯುವುದಿಲ್ಲ.

ಹಾಗಿದ್ದರೂ ಎರಡೂವರೆ ವರ್ಷಕ್ಕೆ ಬಿಟ್ಟೆವು. ದುಡ್ಡು ಒಂದು ಕಾರಣ. 2022ರಲ್ಲಿ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಡಾಕ್ಟರ್ ದಿನಾ ಫೋನ್ ಮಾಡಿ ವಿಚಾರಿಸಿದರು, ಸರ್ಜನ್ ಹತ್ತಿರ ಮಾತಾಡಿದರು. ಆದರೆ ಆಸ್ಪತ್ರೆ ಬಿಲ್ಲಿನಲ್ಲಿ ಒಂದು ಡಾಲರೂ ಕಮ್ಮಿ ಆಗಲಿಲ್ಲ. ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಾವು ಕಟ್ಟಬೇಕಾದ ಡಿಡಕ್ಟಿಬಲ್ 3,000 ಡಾಲರ್, ಅದನ್ನು ಪೂರ್ತಿ ನಾವೇ ಕಟ್ಟಿದೆವು. ಕಾನ್ಸಿಯರ್ಜ್ ಇದ್ದರೆ ಇನ್ಶೂರೆನ್ಸ್ ಬೇಡ ಅಂತ ಎಷ್ಟೋ ಜನ ತಿಳಿದಿದ್ದಾರೆ, ಹಾಗಲ್ಲ. ಎರಡನೆಯದು, ಬೇಡದ ಪರೀಕ್ಷೆಗಳ ಒತ್ತಾಯ. ಆರೋಗ್ಯವಾಗಿರುವ ನನಗೆ ಇಡೀ ಮೈಯ ಎಂಆರ್‌ಐ ಮಾಡಿಸಿ ಅಂತ ಅಲ್ಲಿಯ ಸಿಬ್ಬಂದಿ ಮೂರು ಸಲ ಹೇಳಿದರು. ಸುಮ್ನೆ ಏನೋ ಚುಕ್ಕೆ ಕಾಣಿಸಿ, ಅದರ ಹಿಂದೆ ಇನ್ನೊಂದು ಪರೀಕ್ಷೆ, ಮತ್ತೊಂದು ಭಯ. ನನಗೆ ಬೇಡವಾಗಿತ್ತು. ಮೂರನೆಯದು ಪಕ್ಕದ ಮನೆಯ ಅಜ್ಜಿ. ಅವರ ಡಾಕ್ಟರ್ ಕಾನ್ಸಿಯರ್ಜ್‌ಗೆ ಬದಲಾದಾಗ ಕೆಲವೇ ನೂರು ಜನರನ್ನು ಉಳಿಸಿಕೊಂಡರು. ಅಜ್ಜಿಗೆ ಫೀಸು ಕಟ್ಟಲು ಆಗಲಿಲ್ಲ. ಹದಿನಾಲ್ಕು ವರ್ಷ ನೋಡಿದ್ದ ಡಾಕ್ಟರ್ ಒಂದು ಪತ್ರದಲ್ಲಿ ಕೈತಪ್ಪಿ ಹೋದರು. ಅಜ್ಜಿ ಆ ಪತ್ರ ನನಗೆ ತೋರಿಸಿದ ದಿನ, ನನ್ನ ಡಾಕ್ಟರ್‌ಗೂ ಇಂಥ ಎಷ್ಟು ಜನ ಇದ್ದಿರಬಹುದು ಅಂತ ಲೆಕ್ಕ ಹಾಕುತ್ತಾ ಕೂತೆ.

2023ರ ಕೊನೆಗೆ ಡೈರೆಕ್ಟ್ ಪ್ರೈಮರಿ ಕೇರ್‌ಗೆ ಬಂದೆವು. ಇನ್ಶೂರೆನ್ಸ್‌ನ ಗೊಡವೆಯೇ ಇಲ್ಲ, ತಿಂಗಳಿಗೆ ಇಷ್ಟು ಅಂತ ನೇರ ಡಾಕ್ಟರ್‌ಗೆ ಕೊಡುವುದು. ನಮ್ಮದು ಒಬ್ಬರಿಗೆ 95 ಡಾಲರ್. ವರ್ಷಕ್ಕೆ ಇಬ್ಬರಿಗೂ ಸೇರಿ 2,280. ಭೇಟಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಮೆಸೇಜ್ ಹಾಕಿದರೆ ಅದೇ ದಿನ ಉತ್ತರ, ರಾತ್ರಿ ಹತ್ತಕ್ಕಲ್ಲ, ಸಂಜೆಯೊಳಗೆ. ಕೊಲೆಸ್ಟ್ರಾಲ್ ಪರೀಕ್ಷೆಗೆ ಲ್ಯಾಬ್ ಜೊತೆ ಅವರೇ ಮಾತಾಡಿ ಇಟ್ಟ ದರ 9 ಡಾಲರ್. ಮಂಡಿ ನೋವು ಹೇಳಿದರೆ ಬೇರೆ ಬಿಲ್ ಬರುವುದಿಲ್ಲ.

ಕೊರತೆಯೂ ಇದೆ. ಒಬ್ಬರೇ ಡಾಕ್ಟರ್. ಅವರು ರಜೆ ಹೋದರೆ ನಮ್ಮನ್ನು ಎಂದೂ ನೋಡದವರು ಫೋನ್ ಎತ್ತುತ್ತಾರೆ. ಸ್ಪೆಷಲಿಸ್ಟ್‌ಗೆ ಚೀಟಿ ಕೊಡುತ್ತಾರೆ, ಸಮಯ ಮಾತ್ರ ನಾವೇ ಹಿಡಿಯಬೇಕು. ಹೃದಯದ ಡಾಕ್ಟರ್‌ಗೆ ಈ ಸಲ ಆರು ವಾರ ಕಾದೆವು. ಇಂಥ ಕ್ಲಿನಿಕ್‌ಗಳು ಮುಚ್ಚುವುದೂ ಉಂಟು. 2007ರಲ್ಲಿ ಸಿಯಾಟಲ್‌ನಲ್ಲಿ ಶುರುವಾಗಿ ಹೆಸರು ಮಾಡಿದ್ದ ಕ್ಲಿಯನ್ಸ್ 2017ರಲ್ಲಿ ಬಾಗಿಲು ಹಾಕಿತು. ಅದಕ್ಕೆ ನಾನು ವರ್ಷದ ದುಡ್ಡು ಒಟ್ಟಿಗೆ ಕಟ್ಟುವುದಿಲ್ಲ, ತಿಂಗಳಿಗೊಮ್ಮೆ ಮಾತ್ರ.

ನನ್ನ ಮನಸ್ಸು ಇಲ್ಲಿ ನಿಂತಿದ್ದು ಅಮ್ಮನಿಂದ. ಕಳೆದ ವರ್ಷ ಶಿವಮೊಗ್ಗದಿಂದ ಆರು ತಿಂಗಳಿಗೆ ಬಂದಿದ್ದರು. ಬಿಪಿ ಮತ್ತು ಥೈರಾಯ್ಡ್ ಮಾತ್ರೆ ನಾಲ್ಕು ತಿಂಗಳಿಗೆ ಮಾತ್ರ ತಂದಿದ್ದರು. ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗೆ ಬರಲಿಲ್ಲ. ಹಳೆಯ ದೊಡ್ಡ ಕ್ಲಿನಿಕ್‌ಗೆ ಫೋನ್ ಮಾಡಿದರೆ ಅದೇ ಏಳು ವಾರ. ಕಾನ್ಸಿಯರ್ಜ್‌ನಲ್ಲಿ ಇದ್ದಾಗಲೂ ಅಮ್ಮನ ಬಗ್ಗೆ ಕೇಳಿದ್ದೆ, ಸದಸ್ಯರಿಗೆ ಮಾತ್ರ ಅಂದಿದ್ದರು. ಈ ಡಾಕ್ಟರ್ "ಎರಡು ತಿಂಗಳಿಗೆ ಸೇರಿಸಿ, ಆಮೇಲೆ ತೆಗೆದುಬಿಡೋಣ" ಅಂದರು. 190 ಡಾಲರ್. ಅಮ್ಮ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಮಾತ್ರೆ ಪಟ್ಟಿ ತೆಗೆದು ಟೇಬಲ್ ಮೇಲೆ ಇಟ್ಟರು. ಡಾಕ್ಟರ್ ಒಂದೊಂದನ್ನೂ ತಿರುಗಿಸಿ, ಇಲ್ಲಿ ಅದಕ್ಕೆ ಏನಂತಾರೆ ಅಂತ ನೋಡಿ ಬರೆದುಕೊಂಡರು. ಐವತ್ತು ನಿಮಿಷ. ನಾನು ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಓಡಾಡುತ್ತಿದ್ದೆ. ಹೊರಗೆ ಬಂದ ಅಮ್ಮ "ನಮ್ಮೂರಿನ ಡಾಕ್ಟ್ರ ಥರಾನೇ ಇದಾರೆ ಕಣೇ, ಅವಸರಾನೇ ಇಲ್ಲ" ಅಂದರು.

ಸೇರುವ ಮೊದಲು ವಿಚಾರಿಸಬೇಕಾದ ಕೆಲವು ವಿಷಯ ಇವೆ. ಫೀಸಿನ ಮೇಲೆ ಇನ್ಶೂರೆನ್ಸ್‌ಗೂ ಬಿಲ್ ಹಾಕುತ್ತಾರಾ? ಡಾಕ್ಟರ್ ಹತ್ತಿರ ಒಟ್ಟು ಎಷ್ಟು ರೋಗಿಗಳಿದ್ದಾರೆ? ರಜೆಯಲ್ಲಿ ಯಾರು ನೋಡುತ್ತಾರೆ? ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಬರುತ್ತಾ? ಮನೆಯಲ್ಲಿ 65 ದಾಟಿದವರಿದ್ದರೆ, ಆ ಡಾಕ್ಟರ್ ಆ ವಯಸ್ಸಿನವರ ಸರ್ಕಾರಿ ಇನ್ಶೂರೆನ್ಸ್ ಆದ ಮೆಡಿಕೇರ್‌ನಿಂದ ಹೊರಗಿದ್ದಾರಾ ಅಂತಲೂ ಕೇಳಿ. ನಿಮಗೆ ಎಚ್‌ಎಸ್‌ಎ, ಅಂದರೆ ಚಿಕಿತ್ಸೆಗೆಂದು ತೆರಿಗೆ ಇಲ್ಲದೆ ದುಡ್ಡು ಕೂಡಿಡುವ ಖಾತೆ ಇದ್ದರೆ 2026ರ ಜನವರಿಯಿಂದ ಒಂದು ಅನುಕೂಲ ಆಗಿದೆ. ಡೈರೆಕ್ಟ್ ಪ್ರೈಮರಿ ಕೇರ್ ಫೀಸು ಒಬ್ಬರಿಗೆ ತಿಂಗಳಿಗೆ 150 ಡಾಲರ್, ಕುಟುಂಬಕ್ಕೆ 300 ಮೀರದಿದ್ದರೆ ಅದರಿಂದಲೇ ಕಟ್ಟಬಹುದು. ನಮ್ಮದು 190, ಹಾಗಾಗಿ ಈಗ ಅಲ್ಲಿಂದಲೇ ಹೋಗುತ್ತಿದೆ.

ನಮ್ಮವರ ಎ1ಸಿ ಈಗ 5.7ಕ್ಕೆ ಇಳಿದಿದೆ. ರಾತ್ರಿ ಅನ್ನದ ಬದಲು ರಾಗಿ ಮುದ್ದೆ, ಊಟ ಆದ ಮೇಲೆ ಇಬ್ಬರೂ ಒಂದು ಸುತ್ತು ನಡೆಯುತ್ತೇವೆ. ಆ ಕಾನ್ಸಿಯರ್ಜ್ ಡಾಕ್ಟರ್‌ಗೆ ಈ ಸಂಖ್ಯೆಯನ್ನು ನಾನೇ ಪತ್ರ ಬರೆದು ತಿಳಿಸಿದೆ.